ಓದಿದ ಮೇಲೆ ನೋಡಿದ ವೈಲ್ಡ್ ನಾಟಕ

ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ 1895ರ ಫೆಬ್ರವರಿಯಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ಮೊದಲು ಪ್ರದರ್ಶನಗೊಂಡ ಪ್ರಹಸನ. ಪುಸ್ತಕದಲ್ಲಿ ಓದುವಾಗ ಅದು ಚತುರೋಕ್ತಿಗಳ ಸರಮಾಲೆಯಂತೆ ಕಂಡಿತ್ತು. ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳು ಅದನ್ನು ರಂಗಕ್ಕೆ ತಂದಾಗ, ಮಾತಿಲ್ಲದ ಕಡೆಯಲ್ಲೇ ಹೆಚ್ಚು ನಗು ಹುಟ್ಟಿತು.

ಎರಡನೆಯ ಅಂಕದಲ್ಲಿ, ತಾನೇ ಕಲ್ಪಿಸಿಕೊಂಡ ತಮ್ಮ ಸತ್ತನೆಂದು ಸಾರಲು ಕಥಾನಾಯಕ ಜಾಕ್ ಅಡಿಯಿಂದ ಮುಡಿಯವರೆಗೆ ಶೋಕದ ಕಪ್ಪು ಉಡುಪು ತೊಟ್ಟು ಮೆಲ್ಲನೆ ನಡೆದು ಬರುತ್ತಾನೆ. ಆ ‘ತಮ್ಮ’ನ ವೇಷದಲ್ಲಿ ಜಾಕ್‌ನ ಗೆಳೆಯ ಆಲ್ಜರ್ನನ್ ಆಗಲೇ ಮನೆಯೊಳಗಿದ್ದಾನೆಂದು ಪ್ರೇಕ್ಷಕರಿಗೆ ಗೊತ್ತು. ಓದಿನಲ್ಲಿ ಆವರಣ ಚಿಹ್ನೆಯೊಳಗಿನ ಸೂಚನೆಯಾಗಿ ದಾಟಿಹೋಗಿದ್ದ ಈ ಪ್ರವೇಶಕ್ಕೆ ಇಡೀ ಸಭಾಂಗಣ ನಕ್ಕಿತು. ಚಹಾ ದೃಶ್ಯವೂ ಹಾಗೆಯೇ: ಸೇವಕರು ಎದುರಿಗಿರುವ ಕಾರಣ ಜಗಳವನ್ನು ನುಂಗಿಕೊಂಡ, ಜಾಕ್‌ನ ಪಾಲನೆಯಲ್ಲಿರುವ ಸಿಸಿಲಿ, ಸಕ್ಕರೆ ಬೇಡವೆಂದ ಜಾಕ್‌ನ ಪ್ರೇಯಸಿ ಗ್ವೆಂಡೊಲೆನ್‌ಳ ಬಟ್ಟಲಿಗೆ ನಾಲ್ಕು ತುಂಡು ಸಕ್ಕರೆ ಹಾಕುವಾಗ ಆ ನಟಿ ತೋರಿದ ನಿಧಾನ ಮೆಚ್ಚುವಂಥದ್ದು.

ಜಾಕ್ ಕೂಸಾಗಿದ್ದಾಗ ಕೈಚೀಲವೊಂದರಲ್ಲಿ ಸಿಕ್ಕವನೆಂದು ಕೇಳಿ ಗ್ವೆಂಡೊಲೆನ್‌ಳ ತಾಯಿ ಲೇಡಿ ಬ್ರಾಕ್ನೆಲ್ ‘ಕೈಚೀಲವೇ?’ ಎಂದು ಉದ್ಗರಿಸುತ್ತಾಳೆ. 1952ರ ಚಲನಚಿತ್ರದಲ್ಲಿ ನಟಿ ಈಡಿತ್ ಎವನ್ಸ್ ರಾಗವೆಳೆದು ಆಡಿದ ಆ ಉದ್ಗಾರ ಈ ಪಾತ್ರ ವಹಿಸುವವರಿಗೆಲ್ಲ ಹೊರೆಯೇ ಸರಿ. ಇಲ್ಲಿನ ವಿದ್ಯಾರ್ಥಿನಿ ಅದನ್ನು ಅನುಕರಿಸದೆ, ತಗ್ಗಿದ ದನಿಯಲ್ಲಿ ಹೇಳಿ ಗೆದ್ದಳು.

ಕೊರತೆಗಳೂ ಇವೆ. ನಗು ಅಡಗುವ ಮುನ್ನವೇ ಮುಂದಿನ ಮಾತು ಆರಂಭಿಸುತ್ತಿದ್ದುದರಿಂದ ಹಲವು ಸಾಲುಗಳು ಕೇಳಿಸಲಿಲ್ಲ. ಮೂರನೆಯ ಅಂಕವಂತೂ ಅವಸರದಲ್ಲಿ ಮುಗಿಯಿತು. ಪಠ್ಯ ಓದಿದ್ದ ನನಗೆ ಕಥೆಯ ಎಳೆ ತಪ್ಪಲಿಲ್ಲ, ಆದರೆ ಮೊದಲ ಬಾರಿ ನೋಡುವವರಿಗೆ ಜಾಕ್‌ನ ಜನ್ಮರಹಸ್ಯ ಬಯಲಾಗುವ ಬಗೆ ಅಸ್ಪಷ್ಟವಾಗಿಯೇ ಉಳಿದಿರಬೇಕು.