ವಿ-ಕ್ರಾಸ್‌ನ ಮೂತಿ ಎತ್ತಿಸಿದ್ದಕ್ಕೆ ಪೂರ್ತಿ ಮಾರ್ಕು, ಅಲಾಯ್ ಚಕ್ರಕ್ಕೆ ಪಾಸ್ ಮಾರ್ಕೂ ಇಲ್ಲ

ಇಸುಜು ವಿ-ಕ್ರಾಸ್ ಪಿಕಪ್‌ಗೆ ಮುಂದೆ ಮೂತಿ ಎತ್ತುವ ಸ್ಪೇಸರ್ ಹಾಕಿಸಿ, ಜೊತೆಗೆ ಹೊರಗಿನ ಅಲಾಯ್, ದಪ್ಪ ಟಯರ್ ಹಾಕಿಸಿ ಎರಡು ಮಳೆಗಾಲ ಕಳೆಯಿತು. ಹಾಕಿಸಿದ ವಾರದಲ್ಲೇ ಬರೆಯುವವರ ಫೋಟೋ ಚೆನ್ನಾಗಿರುತ್ತದೆ, ಆದರೆ ಕೊಡಗಿನ ಜುಲೈ ತಿಂಗಳು ಕಾಣದ ಗಾಡಿಯ ಬಗ್ಗೆ ನಮ್ಮ ಕಡೆಯವರಿಗೆ ಹೇಳಿ ಏನು ಪ್ರಯೋಜನ, ಅಲ್ವಾ? ಎಂಜಿನ್, ಪವರ್, ಸೀಟು ಎಲ್ಲ ನಿಮಗೆ ಗೊತ್ತೇ ಇರುತ್ತದೆ. ಅದನ್ನು ಬಿಟ್ಟುಬಿಡುತ್ತೇನೆ.

ನನ್ನದು ಹಳೇ 2.5 ಲೀಟರ್ ಗಾಡಿ. ಸಿದ್ದಾಪುರ, ವಿರಾಜಪೇಟೆ ನಡುವೆ ತೋಟ. ದಿನದ ಓಡಾಟ ಅಂದರೆ ತೋಟದೊಳಗಿನ ಮಣ್ಣು ರಸ್ತೆ, ಕೆಲಸಗಾರರ ಲೈನ್ ಮನೆ ತನಕ, ಪಂಪ್‌ಸೆಟ್ ತನಕ. ಹಿಂದೆ ಗೊಬ್ಬರದ ಮೂಟೆ, ಡೀಸೆಲ್ ಕ್ಯಾನು, ಕೆಲವೊಮ್ಮೆ ಮುರಿದ ಸ್ಪ್ರಿಂಕ್ಲರ್ ಪೈಪು. ಶನಿವಾರ ಪೇಟೆ. ಆಗೊಮ್ಮೆ ಈಗೊಮ್ಮೆ ಮೈಸೂರು. ಶೋಕಿಗೆ ಅಂತ ಇಟ್ಟ ಗಾಡಿ ಅಲ್ಲ, ಸ್ವಲ್ಪ ಶೋಕಿ ಇಲ್ಲ ಅಂತಲೂ ಅಲ್ಲ.

ಪಿಕಪ್ ಖಾಲಿ ನಿಂತಾಗ ಮೂತಿ ತಗ್ಗಿ, ಹಿಂಭಾಗ ಎದ್ದು ನಿಂತಿರುತ್ತದೆ. ಅದು ಕಂಪನಿಯ ತಪ್ಪಲ್ಲ. ಹಿಂದೆ ಲೋಡ್ ಹಾಕಿದಾಗ ಲೀಫ್ ಸ್ಪ್ರಿಂಗ್ ಕುಸಿದು ಗಾಡಿ ಮಟ್ಟಕ್ಕೆ ಬರಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ಆದರೆ ನಮ್ಮ ತೋಟದ ಗೇಟು ದಾಟಿದ ಕೂಡಲೇ ಒಂದು ಮೋರಿ ಇದೆ, ಇಳಿದ ಕೂಡಲೇ ಹತ್ತಬೇಕು. ಅಲ್ಲಿ ಪ್ರತಿ ಸಲ ಮುಂದಿನ ಬಂಪರ್‌ನ ಕೆಳಗಿನ ತುಟಿ 'ಕರ್ರ್' ಅಂತ ನೆಲಕ್ಕೆ ಉಜ್ಜುತ್ತಿತ್ತು. ಆ ಶಬ್ದ ಕೇಳಿ ಕೇಳಿ ಸಾಕಾಗಿಯೇ ಈ ಕೆಲಸಕ್ಕೆ ಕೈ ಹಾಕಿದ್ದು.

ಮೊದಲು ಟೇಪ್ ಹಿಡಿದು ಅಳೆಯಿರಿ. ನೆಲದಿಂದ ಅಳೆಯಬೇಡಿ. ಟಯರ್ ಗಾಳಿ ಹೆಚ್ಚು ಕಮ್ಮಿ ಇದ್ದರೆ ಲೆಕ್ಕ ತಪ್ಪುತ್ತದೆ. ಚಕ್ರದ ನಡುವಿನ ಕ್ಯಾಪ್‌ನಿಂದ ನೇರ ಮೇಲಕ್ಕೆ ಫೆಂಡರ್, ಅಂದರೆ ಚಕ್ರದ ಮೇಲಿನ ಕಮಾನಿನ ಅಂಚಿನ ತನಕ ಅಳೆಯಬೇಕು, ನಾಲ್ಕೂ ಕಡೆ. ನನ್ನ ಗಾಡಿಯಲ್ಲಿ ಹಿಂದಕ್ಕೂ ಮುಂದಕ್ಕೂ ಎರಡು ಇಂಚಿನ ಹತ್ತಿರ ವ್ಯತ್ಯಾಸ ಇತ್ತು.

ಇನ್ನು ಸ್ಪೇಸರ್. ಮುಂದಿನ ಕಾಯಿಲ್ ಸ್ಪ್ರಿಂಗ್ ಮತ್ತು ಶಾಕ್ ಒಟ್ಟಿಗೆ ಇರುವ ಜೋಡಿ ಇದೆಯಲ್ಲ, ಅದರ ತಲೆ ಮೇಲೆ ಕೂರುವ ದಪ್ಪ ಬಿಲ್ಲೆ ಅಷ್ಟೇ ಇದು. ಸ್ಪ್ರಿಂಗ್ ಬಿಚ್ಚುವ ಕೆಲಸ ಇಲ್ಲ, ಇಡೀ ಜೋಡಿ ಇಳಿಸಿ, ಬಿಲ್ಲೆ ಇಟ್ಟು, ಮತ್ತೆ ಏರಿಸುವುದು. ಇಲ್ಲಿ ಒಂದು ವಿಷಯ ಗಮನಿಸಿ. ಬಿಲ್ಲೆಯ ದಪ್ಪ ಎಷ್ಟೋ ಗಾಡಿ ಅಷ್ಟೇ ಏರುವುದಿಲ್ಲ, ಅದಕ್ಕಿಂತ ಜಾಸ್ತಿ ಏರುತ್ತದೆ. ಶಾಕ್‌ನ ಕಾಲು ಲೋವರ್ ಆರ್ಮ್‌ನ (ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನ) ನಡುವೆ ಎಲ್ಲೋ ಕೂತಿರುತ್ತದೆ, ಚಕ್ರ ಇರುವುದು ಆರ್ಮ್‌ನ ತುದಿಯಲ್ಲಿ. ಹಾಗಾಗಿ ಅಲ್ಲಿ ಒಂದಿಂಚು ತಳ್ಳಿದರೆ ಇಲ್ಲಿ ಒಂದೂವರೆ, ಎರಡರ ಹತ್ತಿರ ಬರುತ್ತದೆ. ಅಂಗಡಿಯವರು 'ಎರಡಿಂಚು ಕಿಟ್' ಅಂದರೆ ಬಿಲ್ಲೆ ಎರಡಿಂಚೋ, ಗಾಡಿ ಏರುವುದು ಎರಡಿಂಚೋ ಅಂತ ಬಾಯಿ ಬಿಟ್ಟು ಕೇಳಿ. ಗಾಡಿ ಎರಡಿಂಚಿಗಿಂತ ಮೇಲೆ ಏರಿದರೆ ಆಕ್ಸಲ್ ಓರೆಯಾಗಿ ಅದರ ರಬ್ಬರ್ ಬೂಟು ಬೇಗ ಹರಿಯುತ್ತದೆ, ಮೇಲಿನ ಬಾಲ್ ಜಾಯಿಂಟ್ ಕೊನೇ ಮಿತಿಗೆ ಹೋಗಿ ನಿಲ್ಲುತ್ತದೆ, ಆಮೇಲೆ ಅಪ್ಪರ್ ಆರ್ಮ್ ಬದಲಾಯಿಸಿ ಅಂತ ಇನ್ನೊಂದು ಖರ್ಚು. ನಾನು ಒಂದೂವರೆ ಇಂಚಿಗೆ ನಿಲ್ಲಿಸಿದೆ. ಹಿಂಭಾಗ ಈಗಲೂ ಚೂರು ಎತ್ತರವೇ ಇದೆ, ಇರಲಿ.

ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನ ಊಟದ ಹೊತ್ತಿಗೆ ಕೆಲಸ ಮುಗಿಯುತ್ತದೆ. ಆದರೆ ಅಲ್ಲಿಂದ ಸೀದಾ ಮನೆಗೆ ಬರುವಂತಿಲ್ಲ, ಅಲೈನ್‌ಮೆಂಟ್ ಮಾಡಿಸಲೇಬೇಕು. ಮುಂಭಾಗ ಏರಿದಾಗ ಚಕ್ರದ ತಲೆ ಹೊರಗೆ ವಾಲುತ್ತದೆ (ಈ ವಾಲು ಕ್ಯಾಂಬರ್), ಕ್ಯಾಸ್ಟರ್ (ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವುದು) ಕಮ್ಮಿಯಾಗಿ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಲು ಸೋಮಾರಿತನ ಮಾಡುತ್ತದೆ. ಕುಶಾಲನಗರದಲ್ಲಿ ಮಾಡಿಸಿದೆ. ಬರೀ ಟೋ, ಅಂದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದನ್ನು ಸರಿ ಮಾಡಿ ಕಳಿಸುವವರು ಇದ್ದಾರೆ. ಲೋವರ್ ಆರ್ಮ್‌ನ ಕ್ಯಾಮ್ ಬೋಲ್ಟ್ ಸಡಿಲಿಸಿ ಕ್ಯಾಂಬರ್, ಕ್ಯಾಸ್ಟರ್ ಎರಡನ್ನೂ ಸರಿ ಮಾಡಿ ಅಂತ ಪಕ್ಕದಲ್ಲೇ ನಿಂತು ಮಾಡಿಸಿ, ಮುಂಚಿನ ಮತ್ತು ಆಮೇಲಿನ ಅಳತೆಯ ಪ್ರಿಂಟ್ ತೆಗೆದುಕೊಳ್ಳಿ.

ಸ್ಪೇಸರ್, ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿ 15,000 ರೂಪಾಯಿಯೊಳಗೆ ಮುಗಿಯಿತು. ಗಾಡಿಗೆ ನಾನು ಹಾಕಿದ ದುಡ್ಡಿನಲ್ಲಿ ಇಷ್ಟು ಖುಷಿ ಕೊಟ್ಟ ಖರ್ಚು ಬೇರೆ ಇಲ್ಲ. ಮೋರಿ ಹತ್ತಿರ ಈಗ ಶಬ್ದವೇ ಇಲ್ಲ. ಮೊದಲ ದಿನ ದಾಟಿದ ಮೇಲೆ ರಿವರ್ಸ್ ಹಾಕಿ ಇನ್ನೊಂದು ಸಲ ದಾಟಿದೆ, ತೋಟದ ಲೆಕ್ಕ ಬರೆಯುವ ರೈಟರ್ ನೋಡಿ ನಗುತ್ತಿದ್ದ. ಸವಾರಿ ಗಟ್ಟಿಯಾಗಿಲ್ಲ, ಯಾಕಂದರೆ ಸ್ಪ್ರಿಂಗ್ ಅದೇ. ಹಂಪ್ ಸ್ವಲ್ಪ ಜೋರಾಗಿ ಹಾರಿಸಿದರೆ ಮಾತ್ರ ಚಕ್ರ ಕೆಳಗೆ ಜೋತಾಗ 'ಟಕ್' ಅಂತ ಒಂದು ಸದ್ದು ಬರುತ್ತದೆ. ನಿಧಾನವಾಗಿ ಹೋದರೆ ಅದೂ ಇಲ್ಲ.

ಒಂದೇ ತಕರಾರು ಲೈಟಿನದು. ಮೂತಿ ಎದ್ದ ಮೇಲೆ ಹೆಡ್‌ಲೈಟ್ ಕೂಡ ಎದ್ದು ನಿಲ್ಲುತ್ತದೆ. ಅದರ ಮೇಲೆ ಹಿಂದೆ ಐದಾರು ಮೂಟೆ ಹಾಕಿದರಂತೂ ಬೆಳಕೆಲ್ಲ ಸಿಲ್ವರ್ ಓಕ್ ಮರದ ತುದಿಗೆ. ನಮ್ಮ ಸಿದ್ದಾಪುರದ ಕಡೆ ರಾತ್ರಿ ರಸ್ತೆಯಲ್ಲಿ ಆನೆ ನಿಂತಿರುವುದು ಹೊಸದೇನಲ್ಲ, ಬೆಳಕು ರಸ್ತೆ ಮೇಲೆ ಬೀಳದಿದ್ದರೆ ಆಟ ಮುಗಿದ ಹಾಗೆ. ಗಾಡಿಯನ್ನು ಮಟ್ಟದ ಜಾಗದಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಕೆಲಸಕ್ಕೆ ಮುಂಚೆಯೇ ಬೆಳಕಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದಿಡಿ. ಸ್ಪೇಸರ್ ಹಾಕಿಸಿಕೊಂಡು ಬಂದು ಅದೇ ಜಾಗದಲ್ಲಿ ನಿಲ್ಲಿಸಿ, ಲ್ಯಾಂಪ್ ಹಿಂದಿನ ಸ್ಕ್ರೂ ತಿರುಗಿಸಿ ಬೆಳಕನ್ನು ಆ ಗೆರೆಗೆ ಇಳಿಸಿ. ಹತ್ತು ನಿಮಿಷದ ಕೆಲಸ. ಲೋಡ್ ದಿನಗಳಿಗೆ ಹಿಂದೆ ಒಂದು ಲೀಫ್ ಪ್ಲೇಟ್ ಹೆಚ್ಚಿಗೆ ಹಾಕಿಸಿ ಅಂದವರೂ ಇದ್ದಾರೆ. ಖಾಲಿ ಓಡಿಸುವಾಗ ಸೊಂಟ ಹೋಗುತ್ತದೆ, ಬೇಡ ಅಂದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಐದು ಸ್ಟಾರ್ ವಿಮರ್ಶೆ.

ಚಕ್ರದ ಕಥೆಗೆ ಬರುತ್ತೇನೆ. ಅಲಾಯ್ ಕಂಪನಿ ಹೆಸರು ಹೇಳುವುದಿಲ್ಲ, ಎರಕ ಚೆನ್ನಾಗಿಯೇ ಇದೆ, ಬಿರುಕಿಲ್ಲ, ಗುಂಡಿಗೆ ಬಿದ್ದು ಸೊಟ್ಟಗೂ ಆಗಿಲ್ಲ. ತೊಂದರೆ ಇರುವುದು ಆಫ್‌ಸೆಟ್‌ನಲ್ಲಿ. ಚಕ್ರದ ಅಗಲದ ನಡುಗೆರೆಗೂ, ಚಕ್ರ ಗಾಡಿಯ ಹಬ್‌ಗೆ ಒತ್ತಿ ಕೂರುವ ಮುಖಕ್ಕೂ ಇರುವ ದೂರ ಅದು, ಮಿಲಿಮೀಟರ್ ಲೆಕ್ಕದಲ್ಲಿ ಚಕ್ರದ ಒಳಗಡೆ 'ಇಟಿ' ಅಂತ ಬರೆದಿರುತ್ತದೆ. ಕಂಪನಿ ಚಕ್ರದಲ್ಲಿ ಅದು ಮೂವತ್ತರ ಮೇಲಿದೆ. ನನಗೆ ಹಾಕಿದ್ದು ಸೊನ್ನೆ. ಅಂದರೆ ಎರಡೂ ಕಡೆ ಚಕ್ರ ಮೂರು ಸೆಂಟಿಮೀಟರ್‌ಗಿಂತ ಜಾಸ್ತಿ ಹೊರಗೆ. 'ಸ್ಟಾನ್ಸ್ ಸೂಪರ್ ಬರುತ್ತೆ ಸಾರ್' ಅಂದರು ಅಂಗಡಿಯಲ್ಲಿ, ಗಾಡಿ ನಿಲ್ಲುವ ಗತ್ತಿಗೆ. ಬಂತು. ಡಿಸೆಂಬರ್‌ನಲ್ಲಿ ಹಾಕಿಸಿದ್ದು, ಒಣ ರಸ್ತೆ, ಎಲ್ಲರೂ ತಿರುಗಿ ನೋಡುತ್ತಿದ್ದರು, ನಾನೂ ಪಾರ್ಕ್ ಮಾಡಿ ಹೋಗುವಾಗ ಒಂದು ಸಲ ತಿರುಗಿ ನೋಡುತ್ತಿದ್ದೆ.

ಜೂನ್ ಬಂತು.

ಟಯರ್ ಫೆಂಡರ್‌ನಿಂದ ಹೊರಗಿದ್ದರೆ ಎದ್ದ ಕೆಸರನ್ನು ತಡೆಯುವುದಕ್ಕೆ ಮೇಲೆ ಏನೂ ಇರುವುದಿಲ್ಲ. ಮುಂದಿನ ಚಕ್ರ ಎತ್ತಿದ ಕೆಂಪು ಮಣ್ಣು ಬಾಗಿಲು, ಹ್ಯಾಂಡಲ್, ಕನ್ನಡಿ, ಗಾಜು ಎಲ್ಲದಕ್ಕೂ ಸಗಣಿ ಸಾರಿಸಿದ ಹಾಗೆ ಬಳಿದುಕೊಳ್ಳುತ್ತದೆ. ಗಾಜು ಇಳಿಸಿ ಲೈನ್ ಮನೆ ಹತ್ತಿರ ಯಾರನ್ನಾದರೂ ಮಾತಾಡಿಸಿ ಹೊರಟರೆ ತೊಡೆ ಮೇಲೂ ಕೆಸರು. ಬಾಗಿಲು ತೆಗೆಯಬೇಕಾದರೆ ಎರಡು ಬೆರಳಲ್ಲಿ ಹ್ಯಾಂಡಲ್ ಹಿಡಿಯಬೇಕು. ಒಂದು ದಿನ ಅವ್ವ ಮದುವೆಗೆ ಅಂತ ರೇಷ್ಮೆ ಸೀರೆ ಉಟ್ಟು ಬಂದು, ಸೈಡ್ ಸ್ಟೆಪ್ ನೋಡಿ, ಏನೂ ಮಾತಾಡದೆ ತಮ್ಮನ ಆಲ್ಟೋದಲ್ಲಿ ಹೋಗಿ ಕೂತರು. ಅಗಲದ ಮಡ್ ಫ್ಲಾಪ್ ಹಾಕಿಸಿದೆ, ಹಿಂದಿನ ಗಾಡಿಯವರಿಗೆ ಉಪಕಾರ ಆಯಿತೇ ಹೊರತು ನನ್ನ ಬಾಗಿಲಿಗೆ ಏನೂ ಆಗಲಿಲ್ಲ. ಫೆಂಡರ್ ಅಂಚನ್ನು ಹೊರಕ್ಕೆ ಚಾಚುವ ಪಟ್ಟಿ, ಫೆಂಡರ್ ಫ್ಲೇರ್, ಹಾಕಿದರೆ ಸರಿಹೋಗುತ್ತದಂತೆ. ಹಾಕಿದರೆ ಗಾಡಿ ಇನ್ನೂ ಅಗಲ, ನಮ್ಮ ತೋಟದ ರಸ್ತೆ ಇನ್ನೂ ಇಕ್ಕಟ್ಟು.

ಹಾಗಾಗಿ ಮಳೆಗಾಲ ಪೂರ್ತಿ ಸಂಜೆ ಗಾಡಿ ತೊಳೆಯುವುದು ಒಂದು ಪೂಜೆ ಆಗಿಬಿಟ್ಟಿತು. ಗಿಡಗಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಯುವ ಪವರ್ ಸ್ಪ್ರೇಯರ್ ಇದೆಯಲ್ಲ, ಅದರ ಗನ್‌ನಲ್ಲಿ ಬರುವ ನೀರಿನ ಜೋರು ಪೇಟೆಯ ಸರ್ವಿಸ್ ಸ್ಟೇಷನ್‌ಗೆ ಏನೂ ಕಮ್ಮಿ ಇಲ್ಲ. ಮೊದಲು ಫೆಂಡರ್ ಒಳಗೆ, ಅಲ್ಲಿಂದ ಮುದ್ದೆ ಮುದ್ದೆಯಾಗಿ ಬೀಳುತ್ತದೆ, ಅದರ ಜೊತೆ ಕಾಫಿ ಎಲೆ, ಒಮ್ಮೊಮ್ಮೆ ಜಿಗಣೆ. ಆಮೇಲೆ ಚಕ್ರದ ಹಿಂಬದಿ. ಇಲ್ಲಿ ಕೂತ ಮಣ್ಣು ಒಣಗಿದರೆ ಬ್ಯಾಲೆನ್ಸ್ ಕೆಟ್ಟು 60ರಲ್ಲೇ ಸ್ಟೀರಿಂಗ್ ನಡುಗುತ್ತದೆ, ಟಯರ್ ಅಂಗಡಿಗೆ ಓಡುವ ಮುಂಚೆ ಅಲ್ಲಿ ಕೈ ಹಾಕಿ ನೋಡಿ. ಕೊನೆಗೆ ಟಯರ್ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಜಲ್ಲಿಯನ್ನು ಹಳೇ ಸ್ಕ್ರೂಡ್ರೈವರ್‌ನಲ್ಲಿ ಒಂದೊಂದಾಗಿ ಕೀಳುವುದು. ಇದು ಮಾತ್ರ ನನಗೆ ನಿಜವಾಗಿ ಇಷ್ಟ, ಮಗಳೂ ಬಂದು ಕೂರುತ್ತಾಳೆ, ಟಿಕ್ ಅಂತ ಕಲ್ಲು ಹಾರಿದಾಗ ಅವಳಿಗೆ ಖುಷಿ.

ಒಂದು ಎಚ್ಚರಿಕೆ. ಸ್ಪ್ರೇಯರ್‌ನ ಡ್ರಮ್ಮು, ಪೈಪು ಎರಡನ್ನೂ ಚೆನ್ನಾಗಿ ತೊಳೆದೇ ಬಳಸಿ. ಮೈಲುತುತ್ತದಲ್ಲಿರುವುದು ತಾಮ್ರ, ಅಲಾಯ್ ಅಂದರೆ ಅಲ್ಯೂಮಿನಿಯಂ, ಎರಡಕ್ಕೂ ಆಗಿಬರುವುದಿಲ್ಲ. ಬಣ್ಣ ಎದ್ದ ಕಡೆ ಅದು ಕೂತರೆ ಲೋಹವನ್ನೇ ತಿನ್ನುತ್ತದೆ. ನಮ್ಮ ಹುಡುಗ ಒಂದು ದಿನ ಔಷಧಿ ಉಳಿದ ಡ್ರಮ್ಮಿಗೇ ನೀರು ಬಿಟ್ಟು ತೊಳೆದ, ಒಂದು ಚಕ್ರದ ಅಂಚಿನಲ್ಲಿ ಕಲೆ ಹಾಗೇ ಉಳಿಯಿತು.

ಕೆಸರು ಒಂದೇ ಅಲ್ಲ. ಚಕ್ರ ಹೊರಗೆ ಬಂದಷ್ಟೂ ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ, ವೀಲ್ ಬೇರಿಂಗ್ ಮೇಲೂ ಭಾರ ಜಾಸ್ತಿ. ಪೂರ್ತಿ ತಿರುಗಿಸಿದರೆ ಟಯರ್ ಒಳಗಿನ ಲೈನರ್‌ಗೆ ಉಜ್ಜುತ್ತದೆ. ಇನ್ನು ಕೇರಳ. ನಮಗೆ ಕಣ್ಣೂರಿನ ವಿಮಾನ ನಿಲ್ದಾಣ ಹತ್ತಿರ, ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಮಟ್ಟನ್ನೂರು. ಆದರೆ ಅಲ್ಲಿಯ ಮೋಟಾರು ವಾಹನ ಇಲಾಖೆ ಇಂಥ ಬದಲಾವಣೆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರವನ್ನು ಬದಲಾಯಿಸಲು ಬಿಡುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು, ಆ ಕೇಸು ಬಂದಿದ್ದೇ ಕೇರಳದಿಂದ. ಸ್ಪೇಸರ್ ಯಾರ ಕಣ್ಣಿಗೂ ಬೀಳುವುದಿಲ್ಲ, ಫೆಂಡರ್ ದಾಟಿ ನಿಂತ ಚಕ್ರ ದೂರದಿಂದಲೇ ಕಾಣುತ್ತದೆ. ಆದರೆ ಕಾನೂನಿಗೆ ಎರಡೂ ಒಂದೇ, ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ಪ್ರಶ್ನೆ ಏಳಬಹುದು, ತಿಳಿದೇ ಕೈ ಹಾಕಿ.

ಟಯರ್ ಬಗ್ಗೆ ನನ್ನದೇನೂ ದೂರಿಲ್ಲ. ಮೊದಲಿದ್ದದ್ದು 245/70 ಆರ್16, ಈಗ 265/70 ಆರ್16 ಆಲ್ ಟೆರೇನ್. ವ್ಯಾಸ 28 ಮಿಲಿಮೀಟರ್ ಜಾಸ್ತಿ, ಅಂದರೆ ನೆಲದಿಂದ 14 ಮಿಲಿಮೀಟರ್ ಎತ್ತರ. ಮೀಟರ್ 100 ತೋರಿಸಿದಾಗ ಮೊದಲಿಗಿಂತ ಸುಮಾರು 4 ಕಿಲೋಮೀಟರ್ ಜಾಸ್ತಿ ಸ್ಪೀಡಲ್ಲಿ ಇರುತ್ತೀರಿ. ಕಿಲೋಮೀಟರ್ ಕೂಡ ಅಷ್ಟೇ ಕಮ್ಮಿ ಓಡಿದ ಹಾಗೆ ತೋರಿಸುವುದರಿಂದ ಮೈಲೇಜ್ ಲೆಕ್ಕ ಹಾಕುವಾಗ ಅದನ್ನು ಸೇರಿಸಿಕೊಳ್ಳಿ, ಇಲ್ಲದಿದ್ದರೆ ಸುಮ್ನೆ ಹೊಟ್ಟೆ ಉರಿಯುತ್ತದೆ. ಸೇರಿಸಿದ ಮೇಲೂ ಸ್ವಲ್ಪ ಇಳಿದಿದೆ, ಸುಳ್ಳು ಹೇಳುವುದಿಲ್ಲ. ಸ್ಟೆಪ್ನಿಯನ್ನೂ ಅದೇ ಸೈಜಿಗೆ ತೆಗೆದುಕೊಳ್ಳಿ. ಮೂರು ದೊಡ್ಡದು, ಒಂದು ಚಿಕ್ಕದು ಹಾಕಿಕೊಂಡು ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು. ಅಂಗಡಿಯವರು ನಾಲ್ಕಕ್ಕೇ ರೇಟು ಹೇಳುತ್ತಾರೆ, ಐದಕ್ಕೆ ಕೇಳಿ.

ಹೋದ ಮಳೆಗಾಲದ ನಡುವೆ ತಲೆಕೆಟ್ಟು, ಅದೇ ದಪ್ಪ ಟಯರ್‌ಗಳನ್ನು ಬಿಚ್ಚಿಸಿ ಕಂಪನಿ ಅಲಾಯ್‌ಗೇ ಹಾಕಿಸಿದೆ. 265 ಟಯರ್ ಏಳು ಇಂಚು ಅಗಲದ ಚಕ್ರಕ್ಕೆ ಆರಾಮಾಗಿ ಕೂರುತ್ತದೆ. ಮೂತಿ ಎತ್ತರ ಹಾಗೇ ಇದೆ, ಟಯರ್ ಎತ್ತರ ಹಾಗೇ ಇದೆ, ಉಜ್ಜುವುದು ನಿಂತಿದೆ, ಕೆಸರು ಬಾಗಿಲಿನ ಕೆಳಗಿನ ಪಟ್ಟಿ ದಾಟುವುದಿಲ್ಲ. ಅವ್ವ ಮತ್ತೆ ಮುಂದಿನ ಸೀಟಿಗೆ ಬಂದಿದ್ದಾರೆ. ಚಕ್ರ ಬಿಚ್ಚಿ ಹಾಕಿದ ಮೇಲೆ ನೂರು ಕಿಲೋಮೀಟರ್ ಓಡಿಸಿ ನಟ್ಟು ಇನ್ನೊಂದು ಸಲ ಟಾರ್ಕ್ ರೆಂಚಲ್ಲಿ ನೋಡಿಸುವುದನ್ನು ಮಾತ್ರ ಮರೆಯಬೇಡಿ.

ಆದ್ದರಿಂದ ನನ್ನ ಹಾಗೆ ತೋಟಕ್ಕೆ ಓಡಿಸುವವರಾದರೆ ಸ್ಪೇಸರ್ ಹಾಕಿಸಿ, ಟಯರ್ ಹಾಕಿಸಿ, ಚಕ್ರದ ದುಡ್ಡು ಜೇಬಲ್ಲೇ ಇರಲಿ. ನನ್ನ ನಾಲ್ಕು ಅಲಾಯ್ ಈಗ ಗೋಡೌನ್‌ನಲ್ಲಿ ಚೀಲದ ಪಕ್ಕ ಕೂತಿವೆ. 16 ಇಂಚು, ಆರು ಬೋಲ್ಟು, 139.7 ಪಿಸಿಡಿ (ಬೋಲ್ಟ್ ತೂತುಗಳ ವೃತ್ತದ ವ್ಯಾಸ, ಮಿಲಿಮೀಟರ್‌ನಲ್ಲಿ), ಆಫ್‌ಸೆಟ್ ಸೊನ್ನೆ. ಬಯಲುಸೀಮೆ ಕಡೆಯವರು ಯಾರಿಗಾದರೂ ಬೇಕಿದ್ದರೆ ಅರ್ಧ ರೇಟಿಗೆ ಕೊಡುತ್ತೇನೆ, ಒಂದಕ್ಕೆ ಮೈಲುತುತ್ತದ ಕಲೆ ಇದೆ ಅಂತ ಮೊದಲೇ ಹೇಳಿದ್ದೇನೆ, ಆಮೇಲೆ ಚೌಕಾಸಿ ಬೇಡ.