ಹಳೆಯ ಫ್ರಿಡ್ಜ್ ಕೊಳ್ಳುವ ಮುನ್ನ ಕರೆಂಟ್ ಮೀಟರ್ ನೋಡಿ

ಬಳಸಿದ ಫ್ರಿಡ್ಜ್ ಕೊಳ್ಳುವವರು ಅದು ತಣ್ಣಗಾಗುತ್ತದೆಯೇ ಎಂಬುದನ್ನಷ್ಟೇ ನೋಡಿ ಹಣ ಕೊಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಮ್ಮ ಮನೆಯ ಫ್ರಿಡ್ಜ್ ಕೆಟ್ಟುಹೋದಾಗ ಹಳೆಯ ಸಾಮಾನಿನ ಅಂಗಡಿಯೊಂದರಿಂದ 240 ಲೀಟರಿನ ಒಂದು ಫ್ರಿಡ್ಜ್ ತಂದೆವು. ಹೊಸದಾಗಿ ಗ್ಯಾಸ್ ತುಂಬಿಸಿದೆ, ತಿಂಗಳಿಗೆ ಇಪ್ಪತ್ತು ಯೂನಿಟ್ ದಾಟುವುದಿಲ್ಲ ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರು, ಬಾಗಿಲ ಮೇಲೆ ನಾಲ್ಕು ನಕ್ಷತ್ರಗಳ ಚೀಟಿಯೂ ಇತ್ತು.

ಗೃಹಜ್ಯೋತಿ ಯೋಜನೆಯಲ್ಲಿ 2022-23ರ ಸರಾಸರಿಗೆ ಶೇಕಡಾ 10 ಸೇರಿಸಿ ನಮಗೆ ನಿಗದಿಯಾಗಿದ್ದದ್ದು 165 ಯೂನಿಟ್. ಅದರೊಳಗೇ ಇರುತ್ತಿದ್ದುದರಿಂದ ಬಿಲ್ ಸೊನ್ನೆ ಬರುತ್ತಿತ್ತು. ಬೇರೆ ಯಾವ ಉಪಕರಣವೂ ಮನೆಗೆ ಹೊಸದಾಗಿ ಬಂದಿರಲಿಲ್ಲವಾದರೂ ಮುಂದಿನ ಬಿಲ್ಲಿನಲ್ಲಿ ಬಳಕೆ 207 ಯೂನಿಟ್ ಆಗಿತ್ತು. ನಿಗದಿಗಿಂತ ಹೆಚ್ಚಾಗಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕಾಗುತ್ತದೆ. 200 ದಾಟಿದರೆ ಮೊದಲ ಯೂನಿಟ್‌ನಿಂದ ಹಿಡಿದು ಇಡೀ ಬಿಲ್ ನಮ್ಮದೇ. ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ ಲೆಕ್ಕ ಹಾಕಿದರೂ 1,200 ರೂಪಾಯಿಗೆ ಮೇಲಾಯಿತು, ನಿಗದಿತ ಶುಲ್ಕ ಬೇರೆ. ತಿಂಗಳ ಖರ್ಚನ್ನು ಅಳೆದು ತೂಗಿ ನಡೆಸುವ ಮನೆಗಳಿಗೆ ಇದು ಸಣ್ಣ ಪೆಟ್ಟಲ್ಲ.

ಪರೀಕ್ಷಿಸಲು ಬಂದ ಮೆಕ್ಯಾನಿಕ್ ಎರಡು ದೋಷಗಳನ್ನು ತೋರಿಸಿದರು. ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ, ಹೊರಗಿನ ಬಿಸಿಗಾಳಿ ಸದಾ ಒಳಗೆ ನುಗ್ಗುತ್ತಿತ್ತು. ಗ್ಯಾಸನ್ನೂ ಅಂದಾಜಿನಲ್ಲಿ ತುಂಬಲಾಗಿತ್ತು. ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಫ್ರಿಡ್ಜಿನ ಫಲಕದಲ್ಲೇ ಮುದ್ರಿತವಾಗಿರುತ್ತದೆ, ಅದನ್ನು ತೂಗಿಯೇ ತುಂಬಬೇಕು. ಗ್ಯಾಸ್ ಕಡಿಮೆಯಿದ್ದರೆ ಥರ್ಮೋಸ್ಟಾಟ್ ಬಯಸುವಷ್ಟು ತಂಪು ಒಳಗೆ ಬರುವುದೇ ಇಲ್ಲ, ಆದ್ದರಿಂದ ಕಂಪ್ರೆಸರ್ ನಿಲ್ಲುವುದೂ ಇಲ್ಲ. 110 ವ್ಯಾಟ್‌ನ ಕಂಪ್ರೆಸರ್ ಹಗಲಿರುಳು ಓಡಿದರೆ ದಿನಕ್ಕೆ 2.6 ಯೂನಿಟ್, ತಿಂಗಳಿಗೆ 80ರ ಹತ್ತಿರ. ಇಷ್ಟಾದರೂ ಹಾಲು ಒಡೆಯುತ್ತಿರಲಿಲ್ಲ, ತರಕಾರಿ ಬಾಡುತ್ತಿರಲಿಲ್ಲ. ಈ ಬಗೆಯ ದೋಷ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯುವುದು ಇದರಿಂದಲೇ.

ನಕ್ಷತ್ರದ ಚೀಟಿಯನ್ನು ನೋಡುವಾಗ ಅದರ ಮೇಲಿನ ವರ್ಷವನ್ನೂ ಓದಿ. ಮಾನದಂಡವನ್ನು ಆಗಾಗ ಬಿಗಿಗೊಳಿಸುವುದರಿಂದ ಹಳೆಯ ನಾಲ್ಕು ನಕ್ಷತ್ರ ಇಂದಿನ ನಾಲ್ಕಕ್ಕೆ ಸಮವಲ್ಲ. ಮೇಲಾಗಿ ಅದು ಹೊಸ ಯಂತ್ರವನ್ನು ಪ್ರಯೋಗಾಲಯದಲ್ಲಿ ಅಳೆದ ಲೆಕ್ಕವೇ ಹೊರತು ರಿಪೇರಿಯಾದ ಯಂತ್ರದ್ದಲ್ಲ.

ಅಂಗಡಿಯಲ್ಲೇ ಬಾಗಿಲಿನ ಸಂದಿಗೆ ಕಾಗದವಿಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಆ ಫ್ರಿಡ್ಜ್ ಬೇಡ. ಮನೆಗೆ ತಂದ ಮೇಲೆ ಒಂದು ದಿನ ಓಡಿಸಿ, ರಾತ್ರಿ ಮಿಕ್ಕೆಲ್ಲ ಸ್ವಿಚ್ ಆರಿಸಿ ಮೀಟರ್ ಬರೆದಿಟ್ಟುಕೊಂಡು ಬೆಳಿಗ್ಗೆ ಮತ್ತೆ ನೋಡಿ. ಬಾಗಿಲು ತೆರೆಯದ ಹತ್ತು ಗಂಟೆಯಲ್ಲಿ ಈ ಗಾತ್ರದ ಫ್ರಿಡ್ಜ್ ಅರ್ಧ ಯೂನಿಟ್‌ಗಿಂತ ಹೆಚ್ಚು ತಿಂದರೆ, ಅಥವಾ ಕಂಪ್ರೆಸರಿನ ಸದ್ದು ನಡುನಡುವೆ ನಿಲ್ಲದಿದ್ದರೆ, ಹಿಂದಿರುಗಿಸಿ.

ಹಿಂದಿರುಗಿಸಲು ರಸೀದಿ ಬೇಕು. ನಮ್ಮ ಅಂಗಡಿಯವರು ಕೊಟ್ಟದ್ದು ಬರೀ ಮೊತ್ತ ಬರೆದ ತುಂಡು ಕಾಗದ; ಇದು ನಮ್ಮಲ್ಲಿ ಕೊಂಡದ್ದೇ ಅಲ್ಲ ಎಂದು ಕೊನೆಗೆ ವಾದಿಸಿದರು. ಮಾದರಿ ಸಂಖ್ಯೆ, ದಿನಾಂಕ, ಹಿಂಪಡೆಯುವ ಅವಧಿ ಮೂರನ್ನೂ ಬರೆಸಿಕೊಂಡ ಮೇಲಷ್ಟೇ ಹಣ ಕೊಡಿ. ಆ ರಸೀದಿ ಕೈಯಲ್ಲಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.