ಅಲೀಸರ ಚಿತ್ರಭಂಡಾರ: ಕೊಡಗಿನ ತರಗತಿಗೆ ಒದಗಿಬರುವ ಸಮಕಾಲೀನ ಕಲೆ

ಸಮಕಾಲೀನ ಕಲೆಯನ್ನು ಮಕ್ಕಳಿಗೆ ನೇರವಾಗಿ ತೋರಿಸಬೇಕೆಂದರೆ ಕೊಡಗಿನ ಶಿಕ್ಷಕರು ಬೆಂಗಳೂರಿಗೋ ಕೊಚ್ಚಿಗೋ ಬಸ್ಸು ಮಾಡಿಸಬೇಕು. ಆ ಖರ್ಚನ್ನು ಭರಿಸುವ ಶಕ್ತಿ ನಮ್ಮ ಹೆಚ್ಚಿನ ಶಾಲೆಗಳಿಗಿಲ್ಲ. ಚಿತ್ರಕಲಾ ಶಿಕ್ಷಕನಾಗಿ ನಾನು ಬಳಸಿ ನೋಡಿದ ಸೌಲಭ್ಯಗಳಲ್ಲಿ ಈ ಕೊರತೆಯನ್ನು ಎಲ್ಲಕ್ಕಿಂತ ಚೆನ್ನಾಗಿ ನೀಗಿಸುವುದು ಬೆಲ್ಜಿಯಂ ಮೂಲದ ಕಲಾವಿದ ಫ್ರಾನ್ಸಿಸ್ ಅಲೀಸ್ ತಮ್ಮ ಜಾಲತಾಣದಲ್ಲಿ ತೆರೆದಿಟ್ಟಿರುವ ವಿಡಿಯೊ ಚಿತ್ರಗಳ ಭಂಡಾರ. ಅಲ್ಲಿನ ಚಿತ್ರಗಳನ್ನು ಯಾವ ಶುಲ್ಕವನ್ನೂ ಕೊಡದೆ ನೋಡಬಹುದು, ಇಳಿಸಿಕೊಳ್ಳಲೂಬಹುದು. ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿ ಪ್ರದರ್ಶನಗೊಳ್ಳುವ ಕೃತಿಗಳನ್ನು ಅವುಗಳ ಕರ್ತೃವೇ ಹೀಗೆ ಎಲ್ಲರ ಕೈಗೆಟುಕುವಂತೆ ಇಟ್ಟಿರುವುದನ್ನು ನಾನು ಬಹಳ ದೊಡ್ಡ ಮಾತೆಂದು ಭಾವಿಸುತ್ತೇನೆ.

1959ರಲ್ಲಿ ಆಂಟ್‌ವರ್ಪ್‌ನಲ್ಲಿ ಹುಟ್ಟಿದ ಅಲೀಸ್ ಕಲಿತದ್ದು ವಾಸ್ತುಶಿಲ್ಪವನ್ನು. 1985ರ ಭೂಕಂಪದಿಂದ ನಲುಗಿದ್ದ ಮೆಕ್ಸಿಕೊಗೆ ಮಾರನೆಯ ವರ್ಷ ಪುನರ್ನಿರ್ಮಾಣದ ಕೆಲಸಕ್ಕೆಂದು ಹೋದವರು ಆ ದೇಶದ ರಾಜಧಾನಿಯಲ್ಲಿಯೇ ನೆಲೆಸಿ, ಅದರ ಬೀದಿಗಳಲ್ಲಿ ನಡೆಯುತ್ತ ನಡೆಯುತ್ತ ಕಲಾವಿದರಾದರು. 1997ರಲ್ಲಿ ಅವರು ದೊಡ್ಡದೊಂದು ಮಂಜುಗಡ್ಡೆಯನ್ನು ಮೆಕ್ಸಿಕೊ ನಗರದ ರಸ್ತೆಗಳಲ್ಲಿ ಸುಮಾರು 9 ಗಂಟೆಗಳ ಕಾಲ, ಅದು ಪೂರ್ತಿ ಕರಗಿ ನೀರಾಗುವವರೆಗೂ ತಳ್ಳಿಕೊಂಡು ಹೋದರು. 2004ರಲ್ಲಿ, ತಳದಲ್ಲಿ ತೂತು ಮಾಡಿದ ಹಸಿರು ಬಣ್ಣದ ಡಬ್ಬಿಯನ್ನು ಹಿಡಿದು, ಜೆರುಸಲೇಮಿನಲ್ಲಿ 1948ರ ಯುದ್ಧದ ಬಳಿಕ ಇಸ್ರೇಲ್ ಮತ್ತು ಜೋರ್ಡಾನ್ ನಡುವೆ ನಕಾಶೆಯ ಮೇಲೆ ಎಳೆದಿದ್ದ ಕದನವಿರಾಮ ರೇಖೆಯನ್ನು ನೆಲದ ಮೇಲೆ ಬಣ್ಣ ಸುರಿಸುತ್ತಲೇ ನಡೆದು ಗುರುತಿಸಿದರು. ಆ ನಡಿಗೆಗೆ 58 ಲೀಟರ್ ಬಣ್ಣ ಖರ್ಚಾಯಿತು. ಕೆಲಸವನ್ನು ಕೇಳಿದರೆ ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು, ನೋಡಿದ ಮೇಲೆ ಮಾತ್ರ ಅದು ಮನಸ್ಸಿನಿಂದ ಇಳಿಯುವುದಿಲ್ಲ. ಬಣ್ಣ, ಕುಂಚ, ಚೌಕಟ್ಟು ಇವಿಷ್ಟನ್ನೇ ಕಲೆಯೆಂದು ನಂಬಿದ ಎಂಟನೆಯ ತರಗತಿಯ ಮಕ್ಕಳಿಗೆ, ನಡಿಗೆಯೂ ಕಲೆಯಾಗಬಲ್ಲದು ಎಂಬುದನ್ನು ಈ ಎರಡು ಚಿತ್ರಗಳು ಯಾವ ಉಪನ್ಯಾಸದ ನೆರವೂ ಇಲ್ಲದೆ ಮನಗಾಣಿಸುತ್ತವೆ.

ಭಂಡಾರದ ನಿಜವಾದ ಸಂಪತ್ತು 1999ರಿಂದ ಬೆಳೆಯುತ್ತ ಬಂದಿರುವ ಮಕ್ಕಳ ಆಟಗಳ ಸರಣಿ. ಇದರ ಮೊದಲ ಚಿತ್ರದಲ್ಲಿ ಮೆಕ್ಸಿಕೊ ನಗರದ ಹುಡುಗನೊಬ್ಬ ಕಡಿದಾದ ರಸ್ತೆಯಲ್ಲಿ ಪ್ಲಾಸ್ಟಿಕ್ ಬಾಟಲಿಯನ್ನು ಮೇಲಕ್ಕೆ ಒದೆಯುತ್ತ ಹೋಗುತ್ತಾನೆ, ಬಾಟಲಿ ಉರುಳಿ ಕೆಳಕ್ಕೆ ಬರುತ್ತದೆ, ಅವನು ಮತ್ತೆ ಒದೆಯುತ್ತಾನೆ. ಮಡಿಕೇರಿಯ ಏರುರಸ್ತೆಗಳಲ್ಲಿ ಬೆಳೆದ ಮಕ್ಕಳಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಇರಾಕಿನ ನಿರಾಶ್ರಿತರ ಶಿಬಿರದಲ್ಲಿ ಆಡುವ ಕುಂಟಾಬಿಲ್ಲೆ ಇದೆ, ಕಾಠ್ಮಂಡುವಿನ ಕಲ್ಲಾಟವಿದೆ. ಕಾಂಗೊದ ಹಳ್ಳಿಯಲ್ಲಿ ಚಿತ್ರೀಕರಿಸಿದ ಕಿಸೊಲೊ ಎಂಬ ಗುಳಿಯಾಟ ಬಯಲುಸೀಮೆಯ ಅಳಗುಳಿಮಣೆಗೂ ಕರಾವಳಿಯ ಚೆನ್ನೆಮಣೆಗೂ ನೆಂಟನೇ ಸರಿ. ಇರಾಕಿನ ಮೊಸೂಲ್ ನಗರದಲ್ಲಿ 2017ರಲ್ಲಿ ತೆಗೆದ ಚಿತ್ರದಲ್ಲಿ ಹುಡುಗರು ಪಾಳುಬಿದ್ದ ಕಟ್ಟಡಗಳ ನಡುವೆ ಫುಟ್‌ಬಾಲ್ ಆಡುತ್ತಾರೆ, ಆದರೆ ಚೆಂಡೇ ಇಲ್ಲ: ಐಸಿಸ್ ಉಗ್ರರ ಆಳ್ವಿಕೆಯಲ್ಲಿ ಆ ಆಟವನ್ನು ನಿಷೇಧಿಸಲಾಗಿತ್ತು. ಕಾಣದ ಚೆಂಡನ್ನು ಅವರು ಪಾಸ್ ಮಾಡುವ, ತಡೆಯುವ, ಗೋಲಿಗೆ ಹೊಡೆದು ಕುಣಿಯುವ ಬಗೆಯನ್ನು ನೋಡಿದ ಮಕ್ಕಳು ಯುದ್ಧದ ಬಗ್ಗೆ ಕೇಳಿದ ಪ್ರಶ್ನೆಗಳು ಪಠ್ಯಪುಸ್ತಕದ ಯಾವ ಪಾಠದಿಂದಲೂ ಹುಟ್ಟಿದ್ದನ್ನು ನಾನು ಕಂಡಿಲ್ಲ.

ಒಂದೇ ಚಿತ್ರವನ್ನು ಆರಿಸಿಕೊಳ್ಳಿ ಎಂದರೆ ನಾನು ಕಾಂಗೊದ ಲುಬುಂಬಾಶಿ ನಗರದ ಟೈರಿನ ಚಿತ್ರವನ್ನು ಆರಿಸುತ್ತೇನೆ. ಗಣಿಯ ತ್ಯಾಜ್ಯ ರಾಶಿಬಿದ್ದು ಬೆಳೆದ ಕಪ್ಪು ಗುಡ್ಡವನ್ನು ಹುಡುಗ ಟೈರು ತಳ್ಳಿಕೊಂಡು ಹತ್ತುತ್ತಾನೆ, ತುದಿ ತಲುಪಿದ ಮೇಲೆ ಅದರೊಳಗೆ ಮೈಮುದುರಿ ಕುಳಿತು ಕೆಳಗಿನವರೆಗೂ ಉರುಳುತ್ತಾನೆ. ತೋಟದ ರಸ್ತೆಗಳಲ್ಲಿ ಟೈರು ಓಡಿಸಿದ ನಮ್ಮ ಮಕ್ಕಳಿಗೆ ಮೊದಲು ಕಾಣುವುದು ಅವನ ಎದೆಗಾರಿಕೆ. ಕಾಂಗೊ 1960ರವರೆಗೆ ಬೆಲ್ಜಿಯಂನ ವಸಾಹತಾಗಿತ್ತು, ಅಲ್ಲಿನ ತಾಮ್ರವನ್ನು ಅಗೆದು ಶ್ರೀಮಂತವಾದದ್ದು ಈ ಕಲಾವಿದ ಹುಟ್ಟಿದ ನಾಡು ಎಂಬುದನ್ನು ತಿಳಿಸಿ ಎರಡನೆಯ ಸಲ ತೋರಿಸಿದಾಗ ಆ ಗುಡ್ಡವೇ ಬೇರೆಯಾಗಿ ಕಾಣತೊಡಗುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಮೇಳವಾದ ವೆನಿಸ್ ಬಿಯೆನಾಲೆಯಲ್ಲಿ, 2022ರಲ್ಲಿ, ಬೆಲ್ಜಿಯಂನ ಅಧಿಕೃತ ಮಂಟಪವನ್ನು ಅಲೀಸ್ ತುಂಬಿದ್ದು ಈ ಆಟಗಳಿಂದಲೇ.

ಈ ಚಿತ್ರಗಳಲ್ಲಿ ಮಾತಿಗೆ ಪ್ರಾಮುಖ್ಯವಿಲ್ಲದಿರುವುದು ಕೊಡಗಿನ ಮಟ್ಟಿಗೆ ದೊಡ್ಡ ಅನುಕೂಲ. ಇಲ್ಲಿಯ ಒಂದೇ ತರಗತಿಯಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಯರವ ಮತ್ತು ಕುರುಬ ಕುಟುಂಬಗಳ ಮಕ್ಕಳು, ಮಲಯಾಳ ಮನೆಮಾತಿನವರು, ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ವಾಸಿಸುವ ಅಸ್ಸಾಮಿನ ಕಾರ್ಮಿಕರ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕನ್ನಡದಲ್ಲಿ ಪಾಠ ಹೇಳಿದಾಗ ಹಿಂದೆ ಉಳಿಯುವ ಮಗುವೇ ಈ ಚಿತ್ರಗಳ ಮುಂದೆ ಮೊದಲು ಬಾಯಿ ಬಿಡುತ್ತದೆ, ಏಕೆಂದರೆ ಆ ಆಟವನ್ನು ಅದು ಬಲ್ಲದು.

ಒಂದು ಚಿತ್ರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕೆಂದು ಶಿಕ್ಷಕಮಿತ್ರರಿಗೆ ಹೇಳುತ್ತೇನೆ. 2002ರಲ್ಲಿ ಪೆರು ದೇಶದ ಲಿಮಾ ನಗರದ ಹೊರವಲಯದಲ್ಲಿ 500 ಮಂದಿ ಸ್ವಯಂಸೇವಕರು ಸಾಲಾಗಿ ನಿಂತು, ಸಲಿಕೆಯಿಂದ ಮರಳು ತೋಡಿ ತೋಡಿ ದೊಡ್ಡ ದಿಬ್ಬವೊಂದನ್ನು ಸುಮಾರು 10 ಸೆಂಟಿಮೀಟರಿನಷ್ಟು ಸರಿಸಿದರು. ಅಲೀಸರ ಹೆಸರನ್ನು ಎಲ್ಲೆಡೆಗೆ ಒಯ್ದ ಕೃತಿಗಳಲ್ಲಿ ಇದೂ ಒಂದು. ನಂಬಿಕೆ ಬೆಟ್ಟವನ್ನೇ ಕದಲಿಸುತ್ತದೆ ಎಂಬ ಮಾತನ್ನು ಅಕ್ಷರಶಃ ಮಾಡಿ ತೋರಿಸುವ ಈ ಚಿತ್ರ ಬೇರೆಡೆ ಉಲ್ಲಾಸ ತರಬಹುದು. 2018ರ ಆಗಸ್ಟ್‌ನಲ್ಲಿ ಬೆಟ್ಟವೇ ಜಾರಿ ಮನೆ, ಗದ್ದೆ, ತೋಟಗಳನ್ನು ಕೊಂಡೊಯ್ದ ಮಕ್ಕಂದೂರು, ಜೋಡುಪಾಲದ ಕಡೆಯ ಮಕ್ಕಳೆದುರು ಕದಲುವ ಮಣ್ಣು ಆಟದ ವಸ್ತುವಲ್ಲ. ಹಾಗೆಂದು ಇದನ್ನು ಬಚ್ಚಿಡಬೇಕೆಂದು ನಾನು ಹೇಳುವುದಿಲ್ಲ. ಮೊದಲು ಅವರ ಬೆಟ್ಟದ ಕಥೆಯನ್ನು ಅವರಿಂದಲೇ ಕೇಳಿ, ಆ ಬಳಿಕ 500 ಜನ ಒಂದಾಗಿ ಸಲಿಕೆ ಹಿಡಿದದ್ದನ್ನು ತೋರಿಸಿದರೆ, ಮಾತು ತಾನಾಗಿ ಅಂದು ಊರವರು ಸೇರಿ ಕೆಸರು ಎತ್ತಿದ ದಿನಗಳತ್ತ ಹೊರಳುತ್ತದೆ.

ಕೊರತೆಗಳೂ ಇವೆ. ಪ್ರತಿ ಚಿತ್ರಕ್ಕೂ ಸ್ಥಳ, ವರ್ಷ, ಅವಧಿ, ಜೊತೆಗೂಡಿ ದುಡಿದವರ ಹೆಸರು ಕೊಟ್ಟಿದ್ದಾರೆಯೇ ಹೊರತು ಶಿಕ್ಷಕರಿಗೆ ದಾರಿತೋರುವ ಟಿಪ್ಪಣಿಯಿಲ್ಲ, ಕನ್ನಡದಲ್ಲಂತೂ ಏನೂ ಇಲ್ಲ. ಆದ್ದರಿಂದ ಹಿನ್ನೆಲೆಯನ್ನು ಶಿಕ್ಷಕರು ಮೊದಲೇ ಓದಿಕೊಂಡಿರಬೇಕು. ಅಲೀಸ್ ಕೈಯಳತೆಯ ಹಲಗೆಗಳ ಮೇಲೆ ರಚಿಸಿದ ಸೊಗಸಾದ ಚಿಕ್ಕ ವರ್ಣಚಿತ್ರಗಳನ್ನು ಪರದೆಯ ಮೇಲೆ ನೋಡಿ ತೃಪ್ತಿಪಡುವಂತಿಲ್ಲ, ಅವಕ್ಕೆ ಎದುರುಗಡೆ ನಿಲ್ಲಲೇಬೇಕು.

ಮಳೆಗಾಲದಲ್ಲಿ ನೆಟ್‌ವರ್ಕನ್ನು ನಂಬಿ ತರಗತಿಯಲ್ಲೇ ತೆರೆಯಲು ಹೋಗಬಾರದು. ಬೇಕಾದ ಚಿತ್ರಗಳನ್ನು ಮುಂಚಿತವಾಗಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಕಕ್ಕಡ ತಿಂಗಳ (ಆಟಿಯ) ಜಡಿಮಳೆಯಲ್ಲೂ ಪಾಠ ನಿಲ್ಲುವುದಿಲ್ಲ. ಶೀಟಿನ ಮಾಡಿನ ಕೊಠಡಿಯಾದರೆ ಪ್ರೊಜೆಕ್ಟರ್‌ಗಿಂತ ಮೊದಲು ಒಳ್ಳೆಯ ಸ್ಪೀಕರ್ ಹೊಂದಿಸಿಕೊಳ್ಳಬೇಕು. ಕಾಂಗೊದ ಮಕ್ಕಳು ಬಾಯಿಂದ ಗುಂಯ್‌ಗುಟ್ಟಿ ಸೊಳ್ಳೆಗಳನ್ನು ಕರೆದು ಚಪ್ಪಾಳೆಯಲ್ಲಿ ಹೊಡೆಯುವ ಚಿತ್ರವೊಂದಿದೆ, ಆ ದನಿ ಕೇಳಿಸದಿದ್ದರೆ ಚಿತ್ರವೇ ಇಲ್ಲ. ಐದನೆಯ ತರಗತಿಯವರೆಗಿನವರಿಗೆ ಆಟಗಳ ಸರಣಿ ಸಾಕು. ಮಂಜುಗಡ್ಡೆ, ಹಸಿರು ಗೆರೆ, ಮರಳ ದಿಬ್ಬಗಳನ್ನು ಪ್ರೌಢಶಾಲೆಗೆ ಇಟ್ಟುಕೊಳ್ಳುವುದು ಒಳ್ಳೆಯದು.